ಚಹಾ ಬಿಟ್ಟು ಕಾಫಿ ಹಿಡಿದುದು

ನಮ್ಮ ವಾರ್ಷಿಕ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು ಲೇಖನ ಕೇಳಲು ಬಂದಾಗ ನಾನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ಅವರಲ್ಲಿ ಒಬ್ಬನು, "ಸಾರ್, ನೀವು ಧಾರವಾಡದ ಕಡೆಯವರಲ್ಲವೆ? ಚಹಾ ಬಿಟ್ಟು ಕಾಫಿ ಯಾವಾಗ ಹಿಡಿದಿರಿ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಮಿತ್ರರು, "ಅದು ಪಕ್ಷಾಂತರ ಕಣಯ್ಯ. 1985ರ ಕಾನೂನು ಶಾಸಕರಿಗೆ ಮಾತ್ರ, ಮೇಷ್ಟ್ರುಗಳಿಗೆ ಇಲ್ಲ" ಎಂದರು. ಎಲ್ಲರೂ ನಕ್ಕೆವು. ಹುಡುಗರು ಹೊರಟುಹೋದರು. ಆದರೆ ಆ ಪ್ರಶ್ನೆ ಮಾತ್ರ ಲೋಟದ ತಳದಲ್ಲಿ ಉಳಿದ ಗಸಿಯಂತೆ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಉತ್ತರವಾಗಿ ಈ ಲೇಖನ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಅಧ್ಯಾಪಕರಾದ ನಾವು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇವೆ. ಹೇಳುವಾಗ ನಮಗೊಂದು ಗುಟ್ಟಾದ ಸಮಾಧಾನವೂ ಇರುತ್ತದೆ: ಹೇಗೂ ನಾವು ಮರವಾಗಿಬಿಟ್ಟಿದ್ದೇವೆ, ಇನ್ನು ನಮ್ಮನ್ನು ಬಗ್ಗಿಸುವವರಿಲ್ಲ! ನನ್ನ ಅಭಿಪ್ರಾಯದಲ್ಲಿ ಈ ಗಾದೆ ಮನುಷ್ಯನ ವಿಷಯದಲ್ಲಿ ಅರ್ಧ ಮಾತ್ರ ಸತ್ಯ. ಐವತ್ತು ದಾಟಿದವನೂ ತನ್ನ ಅಭ್ಯಾಸವನ್ನು ಬದಲಾಯಿಸಿಕೊಳ್ಳಬಲ್ಲ. ಅದರಿಂದ ಅವನಿಗೆ ಲಾಭವೂ ಉಂಟು. ಆದರೆ ಆ ಲಾಭ ನಾವು ಎಣಿಸಿದ ಕಡೆಯಿಂದ ಬರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಒಂದು ಹಿತ್ತಾಳೆಯ ಫಿಲ್ಟರಿನಿಂದ ಕಲಿತೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಉತ್ತರದ ಜಿಲ್ಲೆಗಳವರಿಗೆ ಚಹಾ, ಹಳೆಯ ಮೈಸೂರಿನವರಿಗೆ ಕಾಫಿ ಎಂಬುದು ಏನೋ ಅನಾದಿಯಿಂದ ಬಂದ ಧರ್ಮವೆಂಬಂತೆ ನಾವು ಮಾತಾಡುತ್ತೇವೆ. ಚರಿತ್ರೆಯ ಅಧ್ಯಾಪಕನಾಗಿ ನಾನು ಇದನ್ನು ಒಪ್ಪಲಾರೆ. ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡ ಬೆಳೆಯುವ ಸಂಗತಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನಿಗೆ ತಿಳಿದದ್ದು 1823ರಲ್ಲಿ. 1839ರಲ್ಲಿ ಅಲ್ಲಿಯ ಚಹಾ ಲಂಡನ್ನಿನ ಹರಾಜಿಗೆ ಹೋಯಿತು. ಬೆಳೆದದ್ದು ಇಲ್ಲಿ, ಕುಡಿದದ್ದು ಅಲ್ಲಿ. 1903ರಲ್ಲಿ ಚಹಾದ ಮೇಲೆ ಒಂದು ಸಣ್ಣ ತೆರಿಗೆ ಹಾಕಿ, ಆ ಹಣದಿಂದ ಚಹಾದ ಪ್ರಚಾರ ಮಾಡುವ ಏರ್ಪಾಡಾಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊರದೇಶಗಳ ಮಾರುಕಟ್ಟೆ ಕುಗ್ಗಿದಾಗ ಆ ಪ್ರಚಾರ ನಮ್ಮ ಸಂತೆ ಪೇಟೆಗಳ ಕಡೆ ಜೋರಾಗಿ ತಿರುಗಿತು. ಚಹಾ ಕಾಸುವುದು ಹೇಗೆಂದು ತೋರಿಸಿ, ಪುಕ್ಕಟೆಯಾಗಿ ಕುಡಿಸಿ, ಜನಕ್ಕೆ ರುಚಿ ಹತ್ತಿಸಿದರು.

ಕಾಫಿಯ ಕಥೆ ಇದಕ್ಕಿಂತ ಹಳೆಯದು, ನಿಜ. ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಪ್ರತೀತಿ. ಅದನ್ನು ಹದಿನೇಳನೆಯ ಶತಮಾನದ ಸಂಗತಿಯೆಂದು ಹೇಳುತ್ತಾರೆ. ಆದರೆ ಕಾಫಿ ಮನೆಮನೆಗೆ ಹಬ್ಬಿದ್ದರಲ್ಲಿ ಪ್ರಚಾರದ ಪಾಲೂ ಸಣ್ಣದಲ್ಲ. 1935ರಲ್ಲಿ ಕಾಫಿಗೂ ಒಂದು ಸೆಸ್ ಸಮಿತಿ ಹುಟ್ಟಿತು. ಮರುವರ್ಷ ಅದು ಮುಂಬಯಿಯಲ್ಲಿ ಕಾಫಿ ಹೌಸನ್ನು ತೆರೆಯಿತು. 1942ರ ಕಾಯಿದೆಯಿಂದ ಕಾಫಿ ಮಂಡಳಿಗೆ ಬಲ ಬಂದಿತು. ಮುಂದೆ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ನಡೆಸಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಒಟ್ಟಿನಲ್ಲಿ ನಮ್ಮ ಅಡಿಗೆಮನೆಯ ಮಟ್ಟಿಗೆ ಇವೆರಡೂ ನಿನ್ನೆ ಮೊನ್ನೆ ಬಂದ ನೆಂಟರು. ನೆಂಟರಿಬ್ಬರಲ್ಲಿ ಒಬ್ಬರನ್ನು ಕುಲದೇವರೆಂದು ಸಾಧಿಸುವುದು ವ್ಯರ್ಥ. ನನ್ನ ಅಜ್ಜ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ, ಮೊಸರು, ಒಂದು ಹಿಂಡಿಪಲ್ಲೆ ತಿಂದು ಹೊಲಕ್ಕೆ ಹೋಗುತ್ತಿದ್ದ. ಈ ಅಜ್ಜನ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಅವನ ಅಗತ್ಯ ಬೀಳುತ್ತದೆ.

ಇಡೀ ದೇಶಗಳೇ ಪಾನೀಯವನ್ನು ಬದಲಾಯಿಸಿದ್ದುಂಟು. ಸಿಂಹಳ ದ್ವೀಪ ಒಂದು ಕಾಲಕ್ಕೆ ಕಾಫಿಯ ನಾಡು. 1869ರಲ್ಲಿ ಅಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ತೋಟಗಳು ಬೋಳಾದವು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿಯೇ ನೆಟ್ಟಿದ್ದ ಚಹಾ ಆಗ ಕೈಹಿಡಿಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ್ದು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಸಂಗತಿ ವಿದ್ಯಾರ್ಥಿಗಳಿಗೆ ಪರೀಕ್ಷೆಗಾಗಿಯಾದರೂ ಗೊತ್ತಿರುತ್ತದೆ. ಅದರ ಮರುವರ್ಷ ಜಾನ್ ಆಡಮ್ಸ್ ಪ್ರಯಾಣದಲ್ಲಿ ದಣಿದು ಒಂದು ಮನೆಯಲ್ಲಿಳಿದು, ಸುಂಕ ತೆರದ ಚಹಾ ಸಿಕ್ಕೀತೆ ಎಂದು ಕೇಳಿದ. ಮನೆಯೊಡತಿ, ಇಲ್ಲಿ ಚಹಾವನ್ನೇ ಬಿಟ್ಟಿದ್ದೇವೆ, ಬೇಕಾದರೆ ಕಾಫಿ ಮಾಡಿಕೊಡುತ್ತೇನೆ ಎಂದಳು. ಆಡಮ್ಸ್ ಅಂದಿನಿಂದ ದಿನವೂ ಮಧ್ಯಾಹ್ನ ಕಾಫಿ ಕುಡಿಯುತ್ತಿರುವುದಾಗಿಯೂ, ಚಹಾದ ಚಟ ಬೇಗ ಬಿಡಬೇಕೆಂದಿರುವುದಾಗಿಯೂ ಹೆಂಡತಿಗೆ ಕಾಗದ ಬರೆದ. ಆಗ ಅವನಿಗೆ 38 ವರ್ಷ. ಅವನ ಹಿಂದೆ ಒಂದು ಸ್ವಾತಂತ್ರ್ಯ ಸಂಗ್ರಾಮವಿತ್ತು. ನನ್ನ ಹಿಂದೆ ಏನಿತ್ತು? ಒಂದು ವರ್ಗಾವಣೆಯ ಆಜ್ಞೆ, ಮತ್ತು ಬರಿದಾದ ಒಂದು ಮನೆ.

ಮನೆಯ ಮಾತನ್ನು ಇಂಥಲ್ಲಿ ಬರೆಯಬೇಕೆ ಎಂದು ಯೋಚಿಸಿದೆ. ಬರೆಯದಿದ್ದರೆ ಲೇಖನ ಸುಳ್ಳಾಗುತ್ತದೆ. ಇಪ್ಪತ್ತೇಳು ವರ್ಷಗಳ ಕಾಲ ನನ್ನ ಬೆಳಗಿನ ಚಹಾವನ್ನು ಮಾಡಿದವಳು ನನ್ನ ಮನೆಯಾಕೆ. "ಏಳ್ರೀ, ಚಾ ಆಗೇದ" ಎಂಬ ಅವಳ ಕೂಗಿನಿಂದ ನನ್ನ ದಿನ ಆರಂಭವಾಗುತ್ತಿತ್ತು. ಶುಂಠಿ ಜಜ್ಜಿ ಹಾಕಿ, ಕುದಿಸಿ, ಬಸಿಯಲ್ಲಿ ಹನಿ ಚೆಲ್ಲದಂತೆ ತಂದಿಡುತ್ತಿದ್ದಳು. ನಾನು ಒಂದು ದಿನವೂ ಅಡಿಗೆಮನೆಗೆ ಹೋಗಿ, ಎಷ್ಟು ಪುಡಿ, ಎಷ್ಟು ಹಾಲು ಎಂದು ನೋಡಿದವನಲ್ಲ. ಅವಳು ತೀರಿಕೊಂಡ ಮೇಲೆ ನಾನೇ ಚಹಾ ಮಾಡತೊಡಗಿದೆ. ಪುಡಿ ಅದೇ, ಪಾತ್ರೆ ಅದೇ, ಒಲೆ ಅದೇ. ಚಹಾ ಮಾತ್ರ ಅದಲ್ಲ. ಒಂದು ದಿನ ಕಹಿ, ಒಂದು ದಿನ ನೀರು. ಪ್ರತಿ ಮುಂಜಾನೆಯೂ ಮೊದಲ ಗುಟುಕಿಗೆ, ಇದು ಅವಳ ಚಹಾ ಅಲ್ಲ ಎಂಬ ತೀರ್ಪು ತಾನಾಗಿ ಹೊರಬೀಳುತ್ತಿತ್ತು. ಹೀಗೆ ತೀರ್ಪಿನಿಂದ ಆರಂಭವಾದ ದಿನ ಸರಿಯಾಗಿ ಮುಗಿಯುವುದಿಲ್ಲ. ತರಗತಿಯಲ್ಲಿ ನಾನು ಸಿಡುಕನಾದೆ. ಆ ವರ್ಷದ ವಿದ್ಯಾರ್ಥಿಗಳ ಕ್ಷಮೆಯನ್ನು ಈಗ ಕೇಳುತ್ತೇನೆ.

ಅಷ್ಟರಲ್ಲಿ ವರ್ಗವಾಗಿ ಹಾಸನದ ಕಡೆಯ ಈ ಊರಿಗೆ ಬಂದೆ. ನನಗಾಗ 52. ಬಂದ ಮೊದಲ ಬೆಳಿಗ್ಗೆ ಮನೆಯ ಮಾಲಿಕರ ತಾಯಿ, ಎಪ್ಪತ್ತು ದಾಟಿದವರು, ಬಾಗಿಲು ತಟ್ಟಿ, "ಮೇಷ್ಟ್ರೇ, ಒಂದ್ ಲೋಟ ಕಾಫಿ ಕುಡೀರಿ, ಬೇಡ ಅನ್ಬೇಡಿ" ಎಂದು ಲೋಟ ಕೈಗಿತ್ತರು. "ನಾನು ಚಹಾ ಕುಡಿಯುವವನು, ಅಮ್ಮಾ" ಎಂದೆ. "ಇವತ್ತೊಂದಿನ ಕುಡೀರಿ, ನಾಳೆ ನಿಮ್ಮಿಷ್ಟ" ಎಂದರು. ಕುಡಿದೆ. ರುಚಿ ಹೇಗಿತ್ತೆಂದರೆ ನನಗೆ ಹೇಳಲು ಬರಲಿಲ್ಲ. ಚೆನ್ನಾಗಿತ್ತೋ ಇಲ್ಲವೋ ಎಂದು ನಿರ್ಣಯಿಸಲು ನನ್ನ ಬಳಿ ಹೋಲಿಕೆಯೇ ಇರಲಿಲ್ಲ. ಬಹಳ ದಿನಗಳ ಮೇಲೆ ತೀರ್ಪು ಹೇಳದೆ ಒಂದು ಲೋಟವನ್ನು ಬರಿದು ಮಾಡಿದ್ದೆ. ಆ ಸಂಜೆಯೇ ಪೇಟೆಗೆ ಹೋಗಿ ಒಂದು ಫಿಲ್ಟರನ್ನು ಕೊಂಡುತಂದೆ.

ಆದುದರಿಂದ ಆ ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಮೊದಲನೆಯ ಉತ್ತರ ಇದು: ಚಹಾ ಕೆಟ್ಟದ್ದೆಂದು ನಾನು ಬಿಡಲಿಲ್ಲ, ಕಾಫಿ ಶ್ರೇಷ್ಠವೆಂದು ಹಿಡಿಯಲೂ ಇಲ್ಲ. ಅವಳ ಚಹಾವನ್ನು ಅವಳ ಚಹಾ ಆಗಿಯೇ ಉಳಿಸಬೇಕಾದರೆ ನಾನು ಅದರ ಕಳಪೆ ನಕಲನ್ನು ದಿನವೂ ಮಾಡುವುದನ್ನು ನಿಲ್ಲಿಸಬೇಕಾಗಿತ್ತು. ಅಭ್ಯಾಸವನ್ನು ಬಿಟ್ಟರೆ ನೆನಪಿಗೆ ದ್ರೋಹವಾಗುತ್ತದೆಂದು ಅನೇಕರು ಹೆದರುತ್ತಾರೆ. ನನಗಾದ ಅನುಭವ ಬೇರೆ. ಅಭ್ಯಾಸ ಬಿಟ್ಟ ಮೇಲೆಯೇ ನೆನಪು ಸಿಹಿಯಾಯಿತು.

ಫಿಲ್ಟರಿನ ಕೆಲಸ ಹೊಸಬನಿಗೆ ಒಳ್ಳೆಯ ಶಿಕ್ಷಣ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತುಗಳು. ಅದರಲ್ಲಿ ಪುಡಿ ಹಾಕಿ, ಹಿಡಿಯಿರುವ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿಯುವ ನೀರು ಹೊಯ್ದು, ಮುಚ್ಚಿ, ಕಾಯಬೇಕು. ಬಿಗಿಯಾಗಿ ಒತ್ತಿದರೆ ನೀರು ಇಳಿಯದು. ಸಡಿಲ ಬಿಟ್ಟರೆ ಡಿಕಾಕ್ಷನ್ ತೆಳ್ಳಗಾಗುತ್ತದೆ. ಪುಡಿಯಲ್ಲಿಯೂ ನೋಡಿ ಕೊಳ್ಳುವುದಿದೆ. ಚಿಕೋರಿ ಎಂಬುದು ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ಅದು ಬಣ್ಣ ಕೊಡುತ್ತದೆ, ಗಟ್ಟಿತನ ಕೊಡುತ್ತದೆ, ಆದರೆ ಅದರಲ್ಲಿ ಕೆಫೀನ್ ಇಲ್ಲ. ಬೆರಕೆಯ ಪುಡಿಯಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರಕೂಡದೆಂದು ಕಾನೂನು. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು. ಅದನ್ನು ಓದುವ ತಾಳ್ಮೆ ಎಷ್ಟು ಜನಕ್ಕಿದೆ?

ಇನ್ನು ನನ್ನ ಮೂರ್ಖತನದ ಪ್ರಕರಣ. ನಾನು ದಿನಕ್ಕೆ ಆರು ಸಾರಿ ಚಹಾ ಕುಡಿಯುತ್ತಿದ್ದವನು. ಪಾನೀಯ ಬದಲಾಯಿತೇ ಹೊರತು ಲೆಕ್ಕ ಬದಲಾಗಲಿಲ್ಲ. ಕಾಫಿಯನ್ನೂ ಆರು ಸಾರಿ ಕುಡಿದೆ. ಮೂರನೆಯ ವಾರಕ್ಕೆ ನಿದ್ರೆ ಹಾರಿಹೋಯಿತು. ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟುತ್ತಿತ್ತು. ಹೊಸ ಊರು, ಒಂಟಿತನ, ದುಃಖ ಎಂದು ಎಲ್ಲದರ ಮೇಲೂ ತಪ್ಪು ಹೊರಿಸಿದೆ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಕಾಫಿ? ಕೊನೆಯದು ಎಷ್ಟು ಗಂಟೆಗೆ?"

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ಈ ಲೆಕ್ಕವಿದೆ. 150 ಮಿಲಿಲೀಟರು ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್. ದಿಢೀರ್ ಕಾಫಿಯಲ್ಲಿ 50ರಿಂದ 65. ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಮನ್ನು ಮೀರಬಾರದು. ಈಗ ಗುಣಿಸಿ ನೋಡಿ. ಆರು ಚಹಾದಿಂದ ನನಗೆ 180ರಿಂದ 390 ಮಿಲಿಗ್ರಾಂ ದೊರೆಯುತ್ತಿದ್ದರೆ, ಆರು ಕಾಫಿಯಿಂದ ಕಡಿಮೆಯೆಂದರೂ 480 ಒಳಗೆ ಹೋಗುತ್ತಿತ್ತು. ಒಳಗೆ ಹೋದದ್ದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿಯ ಅರ್ಧಾಂಶ ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿ ಕುಳಿತಿರುತ್ತದೆ. ವಯಸ್ಸಾದಂತೆ ನಿದ್ರೆ ಮೊದಲೇ ತೆಳುವಾಗುತ್ತ ಬರುವುದರಿಂದ ಇದು ಎಳೆಯರಿಗಿಂತ ನಮಗೆ ಹೆಚ್ಚು ತಟ್ಟುತ್ತದೆ. ಈಗ ನನ್ನದು ದಿನಕ್ಕೆ ಎರಡೇ ಲೋಟ, ಎರಡನೆಯದು ಹನ್ನೊಂದು ಗಂಟೆಗೆ. ನಿದ್ರೆ ಮರಳಿ ಬಂದಿದೆ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ. ಕಾಫಿಬೀಜದಿಂದ ರುಂಗೆ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1819ರಲ್ಲಿ ಕೆಫೀನನ್ನು ಬೇರ್ಪಡಿಸಿದ. 1827ರಲ್ಲಿ ಚಹಾದಿಂದ ಬೇರೊಂದು ವಸ್ತು ದೊರೆಯಿತೆಂದು ಅದಕ್ಕೆ ಥೀನ್ ಎಂದು ಹೆಸರಿಟ್ಟರು. 1838ರಲ್ಲಿ ಎರಡೂ ಒಂದೇ ಎಂದು ತಿಳಿಯಿತು. ಹನ್ನೊಂದು ವರ್ಷ ಒಂದೇ ವಸ್ತುವಿಗೆ ಎರಡು ಹೆಸರಿದ್ದವು. ಚಹಾ ಮತ್ತು ಕಾಫಿ ಪಕ್ಷಗಳವರು ಇನ್ನೂ ಆ ಹನ್ನೊಂದು ವರ್ಷಗಳಲ್ಲಿಯೇ ಇದ್ದಾರೆ.

ನನಗಾದ ನಿಜವಾದ ಲಾಭ ಸಕ್ಕರೆಯ ಕಡೆಯಿಂದ ಬಂದಿತು. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕುಡಿದವನು ನಾನು. ದಿನಕ್ಕೆ ಹನ್ನೆರಡು ಚಮಚ, ಅಂದರೆ ಸುಮಾರು 50 ಗ್ರಾಂ. ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಚಹಾದಲ್ಲಿ ಸಕ್ಕರೆ ಕಡಿಮೆ ಮಾಡಲು ನಾನು ಹತ್ತು ವರ್ಷ ಹೆಣಗಿದ್ದೆ, ಆಗಲಿಲ್ಲ. ನಾಲಗೆಗೆ ಹಳೆಯ ರುಚಿಯ ನೆನಪಿತ್ತು. ಕಾಫಿಯ ವಿಷಯದಲ್ಲಿ ಅದಕ್ಕೆ ಯಾವ ನೆನಪೂ ಇರಲಿಲ್ಲ. ಮೊದಲ ದಿನದಿಂದಲೇ ಅರ್ಧ ಚಮಚ ಹಾಕಿದೆ. ಕಾಫಿಯೆಂದರೆ ಹೀಗೇ ಇರುತ್ತದೆಂದು ನಾಲಗೆ ನಂಬಿತು. ತಡವಾಗಿ ಅಭ್ಯಾಸ ಬದಲಾಯಿಸುವವರಿಗೆ ನನ್ನ ಸಲಹೆ ಇಷ್ಟೆ: ಹಳೆಯ ಮನೆಯನ್ನು ದುರಸ್ತಿ ಮಾಡುವುದು ಕಷ್ಟವಾದರೆ ಹೊಸ ಮನೆಗೆ ಹೋಗಿ. ಆದರೆ ಹಳೆಯ ಮನೆಯ ಕಸವನ್ನು ಗಾಡಿಗೆ ಹೇರಿಕೊಂಡು ಹೋಗಬೇಡಿ.

ಎರಡನ್ನೂ ಬಿಟ್ಟುಬಿಡುವುದೇ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಗಾಂಧೀಜಿಯವರು 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಬರೆದ ಆರೋಗ್ಯದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರೂ ಬೇಕಿಲ್ಲವೆಂದು ಹೇಳಿದ್ದಾರೆ. ಅವರ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಅಷ್ಟು ದೃಢತೆಯೂ ಇಲ್ಲ. ಆದರೆ ಅವರ ಆಕ್ಷೇಪಣೆಯ ಹಿಂದೆ ಬಡವನ ಹೊಟ್ಟೆಯ ಚಿಂತೆಯಿತ್ತು ಎಂಬುದು ನನಗೆ ತಡವಾಗಿ ಅರ್ಥವಾಯಿತು. ಅದನ್ನು ಅರ್ಥಮಾಡಿಸಿದವಳು ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿ.

ಕಳೆದ ವರ್ಷ ನನ್ನ ಎರಡನೆಯ ಗಂಟೆಯ ಪಾಠದಲ್ಲಿ ಅವಳು ಕುಳಿತಲ್ಲಿಯೇ ಕುಸಿದಳು. ನೀರು ಚಿಮುಕಿಸಿ, ಗಾಳಿ ಹಾಕಿ, ಕಣ್ಣು ಬಿಟ್ಟ ಮೇಲೆ, "ಬೆಳಿಗ್ಗೆ ಏನು ತಿಂದು ಬಂದೆಯಮ್ಮ?" ಎಂದು ಕೇಳಿದೆ. "ಕಾಫಿ ಕುಡಿದೆ ಸಾರ್" ಎಂದಳು. ಅವಳ ತಾಯಿ ಕಾಫಿ ತೋಟದ ಕೂಲಿಗೆ ಹೋಗುವವರು. ಬಸ್ಸು ಬೆಳಿಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ಲೈನ್ ಮನೆಯಲ್ಲಿ ಆಗುವುದು ಹಾಲಿಲ್ಲದ ಬೆಲ್ಲದ ಕಾಫಿ ಮಾತ್ರ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಹೆಚ್ಚಿನಂಶ ಹೊರದೇಶಕ್ಕೆ ಹೋಗುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದನ್ನು ಕೊಯ್ಯುವ ತಾಯಿಯ ಮಗಳು ಆ ಕಾಫಿಯನ್ನೇ ಊಟವೆಂದು ಕುಡಿದು ಕಾಲೇಜಿಗೆ ಬರುತ್ತಾಳೆ.

ಮರುದಿನ ತರಗತಿಯಲ್ಲಿ, ಬೆಳಿಗ್ಗೆ ಚಹಾ ಅಥವಾ ಕಾಫಿ ಬಿಟ್ಟು ಬೇರೇನೂ ಇಲ್ಲದೆ ಬಂದವರು ಕೈಯೆತ್ತಿ ಎಂದೆ. ಎತ್ತಿದ ಕೈಗಳನ್ನು ಎಣಿಸಲು ನನ್ನ ಎರಡು ಕೈಯ ಬೆರಳುಗಳು ಸಾಲಲಿಲ್ಲ. ಹಸಿದ ಹೊಟ್ಟೆಗೆ ಈ ಪಾನೀಯಗಳು ಮಾಡುವ ಮೋಸ ಇದೇ: ಹಸಿವನ್ನು ತುಸು ಹೊತ್ತು ಮರೆಸುತ್ತವೆ, ನೀಗಿಸುವುದಿಲ್ಲ. ಜೊತೆಗೆ ಊಟದಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಚಹಾ ಹೆಚ್ಚಾಗಿ, ಕಾಫಿ ತುಸು ಕಡಿಮೆಯಾಗಿ. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಇವುಗಳನ್ನು ಕುಡಿಯಬಾರದೆಂದು ಮೇಲೆ ಹೇಳಿದ ಮಾರ್ಗಸೂಚಿ ವಿಧಿಸುವುದು ಇದಕ್ಕಾಗಿಯೇ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಚಹಾ ಕಾಫಿಗಳೇ ಕಾರಣವೆಂದು ನಾನು ಹೇಳುವುದಿಲ್ಲ. ಮುಖ್ಯ ಕಾರಣ ತಟ್ಟೆ ಬರಿದಾಗಿರುವುದು. ಆದರೆ ಬರಿದಾದ ತಟ್ಟೆಯ ಮುಂದೆ ತುಂಬಿದ ಲೋಟವನ್ನಿಟ್ಟು ನಾವು ತೃಪ್ತರಾಗಿದ್ದೇವೆ. ನನ್ನ ಅಜ್ಜನ ರೊಟ್ಟಿ ಮೊಸರಿನ ಜಾಗದಲ್ಲಿ, ಈ ಕಡೆಯ ಅಜ್ಜಂದಿರ ರಾಗಿ ಅಂಬಲಿಯ ಜಾಗದಲ್ಲಿ, ಈ ಲೋಟ ಬಂದು ಕುಳಿತಿದೆ.

ಶಾಲೆಯ ಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ಬಿಸಿಯೂಟವಿದೆ. ಅದರಾಚೆಗೆ ಹಸಿವು ತಾನಾಗಿ ನಿಂತುಹೋಗುತ್ತದೆಯೆ? ಸರ್ಕಾರ ಮಾಡಲಿ ಎಂದು ಬರೆದು ಕುಳಿತಿರುವುದು ಸುಲಭ. ಅದನ್ನು ಬರೆಯೋಣ, ಜೊತೆಗೆ ನಮ್ಮ ಕೈಲಾದುದನ್ನೂ ಮಾಡೋಣ. ಅಧ್ಯಾಪಕರೂ ವಿದ್ಯಾರ್ಥಿ ಸಂಘದವರೂ ಸೇರಿ, ಎರಡನೆಯ ಗಂಟೆ ಮುಗಿದ ಮೇಲಿನ ಬಿಡುವಿನಲ್ಲಿ ಒಂದು ದೊನ್ನೆ ಹೆಸರುಕಾಳಿನ ಉಸಲಿಯನ್ನು, ಮೇಲೆ ನಿಂಬೆಹುಳಿ ಹಿಂಡಿ, ಬೇಕಾದವರಿಗೆಲ್ಲ ಕೊಡುವ ಏರ್ಪಾಡು ಮಾಡಬಹುದು. ನಿಂಬೆಯ ಹುಳಿ ಕಬ್ಬಿಣದ ಅಂಶ ರಕ್ತಕ್ಕೆ ಸೇರಲು ನೆರವಾಗುತ್ತದೆ. ಇಂಥವರು ಬಡವರು ಎಂದು ಪಟ್ಟಿ ಮಾಡಬಾರದು. ಅಧ್ಯಾಪಕರೂ ಅದೇ ಸಾಲಿನಲ್ಲಿ ನಿಂತು ದೊನ್ನೆ ಹಿಡಿಯಬೇಕು. ನನ್ನ ಪಾಲಿನ ಹಣವನ್ನು ನಾನು ಆರರಿಂದ ಎರಡಕ್ಕಿಳಿಸಿದ ಲೋಟಗಳಿಂದ ಉಳಿಸಿದ್ದೇನೆ. ಸಂಪಾದಕರು ಈ ಲೇಖನ ಅಚ್ಚು ಮಾಡಿದ ದಿನವೇ ಕೊಡಲು ಸಿದ್ಧನಿದ್ದೇನೆ. ಈ ಪ್ರಸ್ತಾಪವನ್ನು ಪ್ರಾಂಶುಪಾಲರ ಮುಂದೆಯೂ ಇಟ್ಟಿದ್ದೇನೆ.

"ಅಭ್ಯಾಸ ಬದಲಾಗುವುದಿಲ್ಲ ಸಾರ್, ಮನೆಯಲ್ಲಿ ಮೊದಲಿನಿಂದಲೂ ಹೀಗೇ" ಎಂದು ವಿದ್ಯಾರ್ಥಿಗಳು ಹೇಳಿಯಾರು. ಅದಕ್ಕೇ ನನ್ನ ಮನೆಯ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಬೇಕಾಯಿತು. 52ರ ಮರವೇ ಬಗ್ಗಿದ ಮೇಲೆ 19ರ ಗಿಡಕ್ಕೆ ಏನು ಅಡ್ಡಿ?

ದಸರಾ ರಜದಲ್ಲಿ ಊರಿಗೆ ಹೋಗಿದ್ದೆ. ತಮ್ಮನ ಹೆಂಡತಿ, "ಭಾವಾರ, ಈಗ ಕಾಫಿ ಅಂತಲ್ರಿ ನೀವು? ನಮ್ಮ ಮನ್ಯಾಗ ಇಲ್ಲ ನೋಡ್ರಿ" ಎಂದು ಸಂಕೋಚದಿಂದ ಕೇಳಿದಳು. "ಚಹಾನ ಕೊಡವ್ವಾ" ಎಂದೆ. ಶುಂಠಿ ಹಾಕಿದ ಚಹಾ ಬಸಿಯೊಡನೆ ಬಂದಿತು, ಜೊತೆಗೆ ಒಂದು ತಟ್ಟೆ ಒಗ್ಗರಣೆ ಅವಲಕ್ಕಿ. ಅವಲಕ್ಕಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಮಾರ್ಗಸೂಚಿಯ ಒಂದು ಗಂಟೆಯನ್ನು ಆ ದಿನ ನಾನು ಲೆಕ್ಕಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆರಿದ ಚಹಾವನ್ನೇ ಕುಡಿದೆ. ಅದು ಅವಳ ಚಹಾ ಅಲ್ಲ ಎಂಬ ಮಾತು ಆ ಬೆಳಿಗ್ಗೆ ಮನಸ್ಸಿಗೆ ಬರಲಿಲ್ಲ. ತಮ್ಮನ ಮನೆಯ ಚಹಾ ಅದು, ಚೆನ್ನಾಗಿತ್ತು.